ಮೂಲೆ ಬಿಟ್ಟ ರಂಗೋಲಿ

ನನ್ನ ಮೊದಲ ನೌಕರಿಯಲ್ಲಿ ನನಗೆ ಸಂಬಳ ಕೊಡುತ್ತಿದ್ದದ್ದು ಪೆನ್ಸಿಲಿನಿಂದ ಚೌಕಗಳಿಗೆ ಕಪ್ಪು ತುಂಬುವುದಕ್ಕೆ. ನೆಂಟರು ಯಾರಾದರೂ ‘ಬಿ.ಎಸ್ಸಿ. ಮಾಡಿ ಎಲ್ಲಮ್ಮ ಕೆಲಸ?’ ಎಂದು ಕೇಳಿದರೆ ನಾನು ಬಾಯಿ ತೆರೆಯುವ ಮೊದಲೇ ಅಪ್ಪ ‘ರಿಸರ್ಚು’ ಎಂದುಬಿಡುತ್ತಿದ್ದರು. ಸಂಜೆ ಮನೆಗೆ ಬರುವಾಗ ನನ್ನ ಅಂಗೈಯಂಚು ಇದ್ದಿಲು ಮಾರುವವಳ ಕೈಯಂತೆ ಇರುತ್ತಿತ್ತು. ಅದನ್ನು ಅಪ್ಪ ನೋಡಿಯೂ ನೋಡದಂತೆ ಇರುತ್ತಿದ್ದರು. ನೋಡಿಯೂ ನೋಡದಂತಿರುವುದರಲ್ಲಿ ನಮ್ಮಪ್ಪನನ್ನು ಮೀರಿಸುವವರು ಇರಲಿಲ್ಲ.

ಅರವತ್ತರ ದಶಕದ ಮಾತು. ಜಯನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಅಗಲವಾದ ರಸ್ತೆಗಳಲ್ಲಿ ಮಧ್ಯಾಹ್ನ ನಡೆದರೆ ನಮ್ಮ ಚಪ್ಪಲಿಯ ಸದ್ದೇ ಹಿಂದಿನಿಂದ ಯಾರೋ ಬಂದಂತೆ ಕೇಳಿಸುತ್ತಿತ್ತು. ನಾನು ಕೆಲಸಕ್ಕೆ ಸೇರಿದ್ದು ಹುಲ್ಲಿನ ಜಾತಿಗಳನ್ನು ವಿಂಗಡಿಸುವ ಒಬ್ಬ ಸಸ್ಯಶಾಸ್ತ್ರದ ಮೇಷ್ಟ್ರ ಬಳಿ. ನಶ್ಯ ಹಾಕುತ್ತಿದ್ದರು. ಕೆಮ್ಮಿದರೂ ಸೀನಿದರೂ ಕ್ಷಮೆ ಕೇಳುತ್ತಿದ್ದರು, ಲೆಕ್ಕ ತಪ್ಪಿದರೆ ಮಾತ್ರ ಯಾರನ್ನೂ ಕ್ಷಮಿಸುತ್ತಿರಲಿಲ್ಲ. ಹುಲ್ಲನ್ನು ಕಣ್ಣಂದಾಜಿನಲ್ಲಿ ಜಾತಿಗೆ ಸೇರಿಸುವ ಕಾಲ ಮುಗಿಯಿತು, ಇನ್ನು ಮೇಲೆ ಅಂಕಿ ಹೇಳಬೇಕು ಎನ್ನುವುದು ಅವರ ಹಟವಾಗಿತ್ತು.

ವಿಧಾನ ಹೇಳಿಬಿಡುತ್ತೇನೆ, ಕಷ್ಟದ್ದೇನಲ್ಲ. ದೊಡ್ಡ ಗ್ರಾಫ್ ಹಾಳೆಯಲ್ಲಿ ಪ್ರತಿಯೊಂದು ಹುಲ್ಲಿಗೂ ಒಂದು ಅಡ್ಡ ಸಾಲು, ಅದೇ ಹುಲ್ಲಿಗೆ ಒಂದು ಉದ್ದ ಸಾಲು. ಎರಡು ಹುಲ್ಲುಗಳ ಸಾಲುಗಳು ಕೂಡುವ ಚೌಕದಲ್ಲಿ ಅವೆರಡೂ ಎಷ್ಟು ಹೋಲುತ್ತವೆ ಎಂಬುದನ್ನು ಬಣ್ಣದಲ್ಲಿ ತೋರಿಸಬೇಕು. ಹೋಲಿಕೆ ಇಲ್ಲದಿದ್ದರೆ ಬಿಳಿ, ಸ್ವಲ್ಪ ಇದ್ದರೆ ತೆಳು ಬೂದಿ, ಇನ್ನೂ ಇದ್ದರೆ ಗಾಢ, ಪೂರ್ತಿ ಹೋಲಿದರೆ ಕಡುಗಪ್ಪು. ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರವೊಂದಿತ್ತು. ಗರಗರ ತಿರುಗಿಸುವುದು, ಅಂಕಿ ಬರೆಯುವುದು, ಕಪ್ಪು ತುಂಬುವುದು. ಮೇಲಿನ ಎಡಮೂಲೆಯಿಂದ ಕೆಳಗಿನ ಬಲಮೂಲೆಯವರೆಗೆ ಒಂದು ಕಪ್ಪು ಕರ್ಣ ಇದ್ದೇ ಇರುತ್ತದೆ. ಯಾವ ಹುಲ್ಲೂ ತನ್ನನ್ನು ತಾನು ಹೋಲದೆ ಇರುವುದಿಲ್ಲವಲ್ಲ.

ಆಮೇಲೆ ಹಾಳೆಯ ಎಡಗಡೆ ಮರ ಬರೆಯಬೇಕು. ಅತಿ ಹೆಚ್ಚು ಹೋಲುವ ಎರಡನ್ನು ಮೊದಲು ಕೂಡಿಸುವುದು. ಆ ಜೋಡಿಯನ್ನು ಒಂದೇ ಎಂದು ತಿಳಿದು ಮತ್ತೆ ಲೆಕ್ಕ ಮಾಡುವುದು, ಮತ್ತೆ ಹತ್ತಿರದ್ದನ್ನು ಕೂಡಿಸುವುದು. ಹೀಗೆ ಕೂಡಿಸುತ್ತ ಹೋದರೆ ಕೊನೆಗೆ ಎಲ್ಲವೂ ಒಂದೇ ಕಾಂಡಕ್ಕೆ ಬಂದು ಸೇರುತ್ತವೆ. ಬೇಗ ಕೂಡಿದವು ಹತ್ತಿರದ ಬಂಧುಗಳು, ತಡವಾಗಿ ಕೂಡಿದವು ದೂರದವರು. ಮರ ಹೇಳಿದ ಕ್ರಮದಲ್ಲಿ ಸಾಲುಗಳನ್ನು ಮತ್ತೆ ಜೋಡಿಸಿ ಹೊಸ ಹಾಳೆಯಲ್ಲಿ ಕಪ್ಪು ತುಂಬಿದರೆ, ಚೆಲ್ಲಾಪಿಲ್ಲಿಯಾಗಿದ್ದ ಕಪ್ಪೆಲ್ಲ ಕರ್ಣದ ಉದ್ದಕ್ಕೂ ಗುಂಪುಗುಂಪಾಗಿ ಬಂದು ಕೂರುತ್ತಿತ್ತು. ಮೊದಲ ಸಲ ಅದನ್ನು ನೋಡಿದಾಗ ನನಗೆ ಮೈ ಜುಮ್ಮೆಂದಿತು.

ಆದರೆ ಮರ ಓದುವುದರಲ್ಲಿ ಹೊಸಬರೆಲ್ಲ ಒಂದೇ ಕಡೆ ಎಡವುತ್ತಾರೆ. ನಾನೂ ಎಡವಿದೆ. ಹಾಳೆಯಲ್ಲಿ ಪಕ್ಕಪಕ್ಕ ಬಂದ ಹುಲ್ಲುಗಳೆಲ್ಲ ಬಂಧುಗಳು ಎಂದುಕೊಂಡಿದ್ದೆ. ಮೇಷ್ಟ್ರು ತಲೆ ಚಚ್ಚಿಕೊಂಡು, ‘ಪಕ್ಕದಲ್ಲಿ ಕೂತ್ರೆ ಬಂಧು ಆಗ್ಬಿಡ್ತಾರೇನಮ್ಮ? ಬಸ್ಸಲ್ಲೂ ಪಕ್ಕದಲ್ಲಿ ಕೂರ್ತಾರೆ. ಎಲ್ಲಿ ಕೂಡ್ತಾರೆ ಅನ್ನೋದನ್ನ ನೋಡು’ ಎಂದರು. ನನಗೆ ಅರ್ಥವಾದದ್ದು ನಮ್ಮ ಮನೆಯ ಅಟ್ಟದ ಮೇಲಿದ್ದ ತೊಟ್ಟಿಲನ್ನು ನೆನೆಸಿಕೊಂಡಾಗ. ಅದರ ಮೇಲೆ ಕಡ್ಡಿಗಳಿಗೆ ಮರದ ಗಿಳಿಗಳನ್ನು ಕಟ್ಟಿದ್ದರು. ಗಾಳಿಗೆ ಕಡ್ಡಿ ತಿರುಗಿದರೆ ಆ ಕೊನೆಯ ಗಿಳಿ ಈ ಕೊನೆಯದರ ಪಕ್ಕಕ್ಕೆ ಬರುತ್ತಿತ್ತು. ಆದರೆ ಯಾವ ಗಿಳಿ ಯಾವ ಕಡ್ಡಿಯದು ಎನ್ನುವುದು ಎಷ್ಟು ತಿರುಗಿದರೂ ಬದಲಾಗುತ್ತಿರಲಿಲ್ಲ.

ಆ ತೊಟ್ಟಿಲಲ್ಲಿ ಮೊದಲು ಮಲಗಿದವಳು ನಮ್ಮಕ್ಕ, ಆಮೇಲೆ ನಾನು.

ನಾನು ಹೈಸ್ಕೂಲಿನಲ್ಲಿದ್ದಾಗ ಅಕ್ಕ ಮನೆ ಬಿಟ್ಟು ಹೋದಳು. ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ, ನಮ್ಮವರಲ್ಲದ ಒಬ್ಬರನ್ನು ಮದುವೆಯಾದಳು ಎಂಬುದಷ್ಟೇ ನಮಗೆ ತಿಳಿದದ್ದು. ಆಗ ನಾವು ಬಸವನಗುಡಿಯಲ್ಲಿ ಬಾಡಿಗೆಗಿದ್ದೆವು. ಅಪ್ಪ ಪುರೋಹಿತರನ್ನು ಕರೆಸಿ, ಬದುಕಿರುವ ಮಗಳ ಹೆಸರಿಗೆ ಎಳ್ಳುನೀರು ಬಿಟ್ಟರು. ಅವತ್ತು ಬೆಳಗ್ಗೆ ಎದ್ದು ನೋಡಿದರೆ ಅಮ್ಮ ಬಾಗಿಲಿಗೆ ನೀರು ಹಾಕಿ, ದಿನಾ ಹಾಕುವುದಕ್ಕಿಂತ ದೊಡ್ಡದಾಗಿ ರಂಗೋಲಿ ಬಿಟ್ಟಿದ್ದಳು. ಸಾವಾದ ಮನೆಯ ಮುಂದೆ ರಂಗೋಲಿ ಇಡುವುದಿಲ್ಲ, ಅದು ಬೀದಿಯಲ್ಲಿ ಹೋಗುವವರಿಗೂ ಗೊತ್ತು. ಅಪ್ಪ ಬಾಗಿಲಲ್ಲಿ ನಿಂತು ಕೂಗಿದರು.

‘ಸೂತಕದ ಮನೆ ಮುಂದೆ ರಂಗೋಲಿ ಹಾಕ್ತಾರೇನೇ?’

‘ಯಾರು ಸತ್ತಿದಾರೆ?’ ಎಂದಳು ಅಮ್ಮ.

ಪುರೋಹಿತರು ಆ ರಂಗೋಲಿಯನ್ನು ದಾಟಿಕೊಂಡೇ ಒಳಗೆ ಬಂದು ಶಾಸ್ತ್ರ ಮುಗಿಸಿ ಹೋದರು. ಆ ವರ್ಷವೇ ಅಪ್ಪ ಜಯನಗರದ ಹೊಸ ಮನೆಗೆ ನಮ್ಮನ್ನು ಎತ್ತಿಕೊಂಡು ಬಂದರು. ಬಸವನಗುಡಿಯವರ ಬಾಯಿಂದ ತಪ್ಪಿಸಿಕೊಳ್ಳಲು ಎಂದು ನಾನು ಈಗಲೂ ಹೇಳುತ್ತೇನೆ, ಅಪ್ಪ ಗಾಳಿ ಬೆಳಕು ಎನ್ನುತ್ತಿದ್ದರು. ಅಮ್ಮನಿಗೆ ಇದ್ದದ್ದು ಒಂದೇ ಚಿಂತೆ. ‘ಅವಳಿಗೆ ಈ ಮನೆ ಗೊತ್ತಿಲ್ವಲ್ಲೇ’ ಎಂದು ಒಮ್ಮೆ ನನ್ನ ಜಡೆ ಹೆಣೆಯುತ್ತ ಹೇಳಿದಳು. ಅಷ್ಟು ಬಿಟ್ಟರೆ ಅಕ್ಕನ ಮಾತು ಆ ಮನೆಯಲ್ಲಿ ಬಂದದ್ದಿಲ್ಲ.

ಸತ್ತವರು ಕಾಡುತ್ತಾರೆ ಅನ್ನುತ್ತಾರೆ. ನಮ್ಮನ್ನು ಕಾಡಿದವಳು ಬದುಕಿದ್ದಳು. ಅಕ್ಕ ಒಂದು ದಿನವೂ ಕಾಲಿಡದ ಆ ಹೊಸ ಮನೆಯಲ್ಲಿ ಅವಳಿಗೊಂದು ಜಾಗ ತಾನಾಗಿ ಆಗಿಬಿಟ್ಟಿತ್ತು. ಅಮ್ಮ ಹಾಸಿಗೆ ಹಾಸುವಾಗ ನನಗೂ ಗೋಡೆಗೂ ನಡುವೆ ಒಬ್ಬರು ಮಲಗುವಷ್ಟು ಚಾಪೆ ಉಳಿಯುತ್ತಿತ್ತು. ಗೇಟು ಕಿರ್ರೆಂದರೆ ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಲ್ಲುತ್ತಿತ್ತು. ಹಾಲಿನವಳೋ ಪೋಸ್ಟಿನವನೋ ಎಂದು ಗೊತ್ತಾದ ಮೇಲೆ ಮತ್ತೆ ಶುರುವಾಗುತ್ತಿತ್ತು. ನನಗೆ ಅಕ್ಕನ ಮೇಲೆ ಸಿಟ್ಟು ಬರುತ್ತಿತ್ತು. ಬರುವುದಾದರೆ ಬಾ, ಇಲ್ಲದಿದ್ದರೆ ಪೂರ್ತಿ ಹೋಗು, ಹೀಗೆ ಬಾಗಿಲಲ್ಲಿ ನಿಲ್ಲಬೇಡ ಎಂದು ಎಷ್ಟೋ ಸಲ ಮನಸ್ಸಿನಲ್ಲೇ ಬೈದಿದ್ದೇನೆ.

ಇಂಥ ದಿನಗಳಲ್ಲಿ ಮೇಷ್ಟ್ರಿಗೆ ಒಂದು ಯೋಚನೆ ಬಂತು. ಹುಲ್ಲಿನ ಮರ ಸರಿಯೋ ತಪ್ಪೋ ಹೇಳುವವರು ಯಾರು? ಉತ್ತರ ಮೊದಲೇ ಗೊತ್ತಿರುವ ಯಾವುದಾದರೂ ವಸ್ತುವಿನ ಮೇಲೆ ವಿಧಾನವನ್ನು ಪರೀಕ್ಷೆ ಮಾಡಬೇಕು ಎಂದರು. ‘ರಂಗೋಲಿ ತಗೊಳ್ಳಿ. ಯಾರ ಮನೆಯವರು ಯಾವ ಕಡೆಯಿಂದ ಬಂದೋರು ಅಂತ ನಮ್ಗೆ ಗೊತ್ತಿದೆ. ಮರಕ್ಕೆ ಗೊತ್ತಾಗುತ್ತಾ ನೋಡೋಣ.’ ನಾನು ನಮ್ಮ ಮನೆಯೂ ಸೇರಿದಂತೆ ಜಯನಗರದ ಬೀದಿಗಳನ್ನು ಹಿಡಿದೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಡುಗಿಯೊಬ್ಬಳು ತನ್ನ ಮನೆಯಿದ್ದ ಸುದ್ದಗುಂಟೆಪಾಳ್ಯದ ಕಡೆಯದನ್ನು ಹಿಡಿದಳು. ಒಂದೇ ದಿನದ್ದಲ್ಲ, ಕೆಲವು ವಾರ ನೋಡಿ ಪ್ರತಿ ಮನೆಯ ಕೈಯ ಅಭ್ಯಾಸ ಬರೆದುಕೊಳ್ಳಬೇಕಿತ್ತು. ಗೆರೆ ಚುಕ್ಕಿಯ ಮೇಲೆ ಹಾಯುತ್ತದೋ ಸುತ್ತಿಕೊಂಡು ಹೋಗುತ್ತದೋ, ಒಂದೆಳೆಯೋ ಎರಡೆಳೆಯೋ, ತಿರುವು ದುಂಡಗೋ ಚೂಪೋ, ಕೆಮ್ಮಣ್ಣಿನ ಅಂಚು ಉಂಟೋ ಇಲ್ಲವೋ. ಮನೆಗಳಿಗೆ ಹೆಸರಿಲ್ಲ, ಬರೀ ಸಂಖ್ಯೆ. ಹೆಸರು ಗೊತ್ತಿದ್ದರೆ ಕೈ ಮೋಸ ಮಾಡುತ್ತದೆ ಎನ್ನುತ್ತಿದ್ದರು ಮೇಷ್ಟ್ರು.

ನಮ್ಮಮ್ಮನ ರಂಗೋಲಿಯಲ್ಲಿ ಒಂದು ವಿಚಿತ್ರವಿತ್ತು. ಹೊಸಿಲ ಕಡೆಯ ಬಲಮೂಲೆಯಲ್ಲಿ ಗೆರೆಯನ್ನು ಕೂಡಿಸದೆ ಒಂದು ಬೆರಳಿನಷ್ಟು ಬಿಡುತ್ತಿದ್ದಳು. ಎಳೆ ಬಿಟ್ಟುಹೋದ ರಂಗೋಲಿ ಮನೆಗೆ ಒಳ್ಳೆಯದಲ್ಲ ಎಂದು ಅಕ್ಕಪಕ್ಕದವರು ಹೇಳಿಯೂ ಇದ್ದರು. ಚಿಕ್ಕವಳಿದ್ದಾಗ ನಾನು ಆ ಮೂಲೆ ಮುಚ್ಚಿದರೆ ಅಮ್ಮ ಕಾಲಿನಿಂದ ಒರೆಸಿಬಿಡುತ್ತಿದ್ದಳು. ಯಾಕೆ ಎಂದರೆ ‘ನಮ್ಮಮ್ಮ ಹಾಗೇ ಹಾಕ್ತಿದ್ದಳು’ ಎನ್ನುವುದೇ ಉತ್ತರ. ನಮ್ಮಜ್ಜಿ ಎಂದೋ ಮಾಡಿದ ತಪ್ಪನ್ನು ಇವರೆಲ್ಲ ಶಾಸ್ತ್ರ ಮಾಡಿಕೊಂಡಿದ್ದಾರೆ ಎಂದು ನಾನು ನಗುತ್ತಿದ್ದೆ. ಅಕ್ಕ ನಗುತ್ತಿರಲಿಲ್ಲ. ಅಮ್ಮ ಹೇಳಿದಂತೆಯೇ ಹಾಕುತ್ತಿದ್ದಳು.

ಲೆಕ್ಕ ಮುಗಿಯಿತು. ಮೊದಲ ಹಾಳೆಯಲ್ಲಿ ಮನೆಗಳನ್ನು ಬೀದಿಯ ಕ್ರಮದಲ್ಲೇ ಇಟ್ಟು ಕಪ್ಪು ತುಂಬುತ್ತ ಹೋದೆ. ಜಯನಗರದವರು ಒಂದು ಕಡೆ ಸುಮಾರು ಗಾಢವಾಗಿದ್ದರು, ಪಾಳ್ಯದವರು ಇನ್ನೊಂದು ಕಡೆ. ಇವರಿಗೂ ಅವರಿಗೂ ನಡುವಿನ ಜಾಗ ಬಿಳಿ, ಇಲ್ಲವೇ ತೆಳು ಬೂದಿ. ಆ ಬಿಳಿಯ ನಡುವೆ ಒಂದು ಚೌಕದ ಅಂಕಿ ನೋಡಿ ನಾನು ಯಂತ್ರವನ್ನು ಮತ್ತೆ ತಿರುಗಿಸಿದೆ. ಮತ್ತೆ ಅದೇ ಬಂತು. ಕಡುಗಪ್ಪು ಪೆನ್ಸಿಲ್ ತೆಗೆದುಕೊಂಡು ತುಂಬಿದೆ. ಬಿಳಿ ಗೋಡೆಯಲ್ಲಿ ಬಾಗಿಲು ತೆರೆದಂತೆ ಕಾಣಿಸಿತು.

ಒಂದು ಸಾಲು ನಮ್ಮ ಮನೆ. ಇನ್ನೊಂದು, ಪಾಳ್ಯದ ಯಾವುದೋ ಮನೆ.

ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು. ‘ಒಂದೇ ಮನೇನ ಎರಡು ಸಲ ಬರ್ದಿದ್ದೀಯಮ್ಮ’ ಎಂದರು.

‘ಇಲ್ಲ ಸಾರ್. ಅದು ನಾನು ಬರೆದದ್ದಲ್ಲ.’

‘ಹಂಗಾದ್ರೆ ಹೋಗಿ ನೋಡ್ಕೊಂಡು ಬಾ. ಎರಡು ಮನೆ ಹಿಂಗೆ ಇರೋಕ್ಕಾಗಲ್ಲ.’

ಮರದಲ್ಲಿಯೂ ಹಾಗೇ ಆಯಿತು. ಆ ಮನೆ ತನ್ನ ಬೀದಿಯವರನ್ನೆಲ್ಲ ಬಿಟ್ಟು ಬಂದು, ಎಲ್ಲರಿಗಿಂತ ಮೊದಲು ನಮ್ಮ ಮನೆಯ ಜೊತೆ ಕೂಡಿತು. ನಾನೇ ಪಕ್ಕಕ್ಕೆ ತಂದು ಕೂರಿಸಿದೆನೋ ಎಂದು ಸಂಶಯಪಟ್ಟು ಕೊಂಬೆಗಳನ್ನು ಅತ್ತಿತ್ತ ತಿರುಗಿಸಿ ಬರೆದೆ. ಎಷ್ಟು ತಿರುಗಿಸಿದರೂ ಅವೆರಡೂ ಒಂದೇ ಕಡ್ಡಿಯ ಗಿಳಿಗಳು. ನನ್ನ ಜೊತೆಯ ಹುಡುಗಿಯನ್ನು ಕೇಳಿ ಅವಳು ಬಿಡಿಸಿಕೊಂಡಿದ್ದ ಚಿತ್ರ ನೋಡಿದೆ. ಹೊಸಿಲ ಕಡೆ, ಬಲಮೂಲೆಯಲ್ಲಿ ಎಳೆ ಬಿಟ್ಟಿತ್ತು.

‘ಮರೆತಿದಾರೆ ಅಂದ್ಕೊಂಡೆ ಕಣೆ, ದಿನಾ ಹಂಗೇ ಇರುತ್ತೆ’ ಎಂದಳು. ‘ಯಾರು ಹಾಕ್ತಾರೋ ನೋಡಿಲ್ಲ. ನಾನು ಹೋಗೋ ಹೊತ್ತಿಗೆ ಹಾಕಿ ಆಗಿರುತ್ತೆ.’

ಪಾಳ್ಯ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ಇಷ್ಟು ವರ್ಷ ಅಮ್ಮ ಬೆಳಗಾಗೆದ್ದು ಇಲ್ಲಿ ಬಗ್ಗುತ್ತಿದ್ದಾಗ, ಅದೇ ಹೊತ್ತಿಗೆ ಅಲ್ಲಿ ಅಕ್ಕ ಬಗ್ಗುತ್ತಿದ್ದಳು ಎಂದುಕೊಂಡೆ.

ಶನಿವಾರ ಮಧ್ಯಾಹ್ನ ಹಾಳೆಯನ್ನು ಮನೆಗೆ ತಂದು ಹಜಾರದಲ್ಲಿ ಹರಡಿಕೊಂಡು ಉಳಿದ ಕಪ್ಪು ತುಂಬುತ್ತಿದ್ದೆ. ಅಪ್ಪ ಒಳಗೆ ಮಲಗಿದ್ದರು. ಅಮ್ಮ ಅಕ್ಕಿ ಆರಿಸುವ ಮೊರ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕುಳಿತಳು.

‘ಇದೇನೇ ಇದು, ಮಸಿ ಅರಿವೆ ಥರ?’

ಹೇಳಿಕೊಟ್ಟೆ. ಇದು ನಮ್ಮ ಸಾಲು, ಇದು ಎದುರು ಮನೆಯವರದು, ಇವೆರಡೂ ಕೂಡುವ ಕಡೆ ನೋಡು ಬೂದಿ, ಅವರದ್ದು ಬೇರೆ ಥರ ಎಂದೆ. ಅಮ್ಮ ಬೇಗ ಹಿಡಿದುಬಿಟ್ಟಳು. ಜೀವಮಾನವೆಲ್ಲ ಚುಕ್ಕಿ ಎಣಿಸಿದವಳು. ನಮ್ಮ ಸಾಲಿನ ಮೇಲೆ ಬೆರಳಿಟ್ಟು ಎಡದಿಂದ ಬಲಕ್ಕೆ ಒಂದೊಂದೇ ಮನೆ ದಾಟುತ್ತ ಹೋಗಿ, ಆ ಚೌಕದ ಮೇಲೆ ನಿಂತಳು.

‘ಇದು ಯಾರ ಮನೆ?’

‘ಗೊತ್ತಿಲ್ಲ. ಸುದ್ದಗುಂಟೆಪಾಳ್ಯದಲ್ಲಿ.’

‘ಮೂಲೆ?’

‘ಬಿಟ್ಟಿದೆ ಅಮ್ಮ.’

ಅಮ್ಮ ಎದ್ದು ಒಳಗೆ ಹೋದಳು. ಟ್ರಂಕು ತೆಗೆದ ಸದ್ದಾಯಿತು. ಬಂದಾಗ ಕೈಯಲ್ಲಿ ಹಸಿರು ರವಿಕೆ ಕಣ ಇತ್ತು, ಅದರ ಮಡಿಕೆಯಲ್ಲಿ ಅರಿಶಿನ ಕುಂಕುಮದ ಪೊಟ್ಟಣ. ಮುತ್ತೈದೆ ಮಗಳಿಗೆ ತಾಯಿ ಕೊಡುವಂಥದ್ದು. ಎಷ್ಟು ವರ್ಷದಿಂದ ಟ್ರಂಕಿನ ತಳದಲ್ಲಿತ್ತೋ, ಮಡಿಕೆಯ ಗೆರೆ ಬಿಳಿಚಿಕೊಂಡಿತ್ತು.

‘ನಾಳೆ ಹೋಗ್ಬಿಟ್ಟು ಬಾ. ಅಪ್ಪನ ಹತ್ರ ಆಫೀಸಿನ ಕೆಲಸ ಅನ್ನು’ ಎಂದಳು. ಅವಳ ಮುಖವನ್ನು ಎರಡನೆಯ ಸಲ ನೋಡಲು ನನಗೆ ಧೈರ್ಯವಾಗಲಿಲ್ಲ. ಅಷ್ಟು ಆಸೆಯನ್ನು ನಾನು ಆ ಮುಖದಲ್ಲಿ ಹಿಂದೆ ನೋಡಿರಲಿಲ್ಲ.

ಭಾನುವಾರ ಬೆಳಗ್ಗೆ ಹೊರಟೆ. ಬಡಾವಣೆ ಮುಗಿದ ಮೇಲೆ ರಾಗಿ ಹೊಲ, ಕಳ್ಳಿ ಬೇಲಿ, ಒಂದು ಕಟ್ಟೆ. ದಾರಿಯುದ್ದಕ್ಕೂ ಅಕ್ಕನಿಗೆ ಹೇಳಬೇಕಾದ ಬೈಗುಳಗಳನ್ನು ಜೋಡಿಸಿಕೊಳ್ಳುತ್ತ ಹೋದೆ. ಚೆನ್ನಾಗಿ ಬೈದು, ಆಮೇಲೆ ಅಳುವುದು ಎಂದು ತೀರ್ಮಾನ ಮಾಡಿದ್ದೆ. ಊರೊಳಗೆ ಹೆಂಚಿನ ಮನೆಗಳು. ಪ್ರತಿ ಬಾಗಿಲ ಮುಂದೆ ಸಗಣಿ ಸಾರಿಸಿ ನಾಲ್ಕು ಗೆರೆ ಎಳೆದ ಸಣ್ಣ ರಂಗೋಲಿ. ಬೀದಿಯ ತಿರುವಿನಲ್ಲಿ ನಮ್ಮಮ್ಮನ ರಂಗೋಲಿ ಕಂಡಿತು.

ನಾನು ಅಲ್ಲೇ ನಿಂತುಬಿಟ್ಟೆ. ನಮ್ಮ ಮನೆಯ ಮುಂದೆಯೇ ಬಂದು ನಿಂತಂತೆ ಇತ್ತು. ಅದೇ ಎರಡೆಳೆ, ಅದೇ ದುಂಡು ತಿರುವು, ಅದೇ ಬೆರಳಗಲದ ಸಂದು. ಬಾಗಿಲಲ್ಲಿ ವಯಸ್ಸಾದ ಹೆಂಗಸೊಬ್ಬರು ಕಾಲು ಚಾಚಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಅವರ ಬಲಗೈ ಬೆರಳ ತುದಿಗಳಲ್ಲಿ ಬಿಳಿ ಪುಡಿ ಮೆತ್ತಿತ್ತು. ಅದನ್ನು ಕಂಡೊಡನೆ ನನಗೆ ಅರ್ಧ ತಿಳಿದುಹೋಯಿತು, ಆದರೆ ತಿಳಿಯುವುದು ನನಗೆ ಬೇಕಿರಲಿಲ್ಲ.

‘ಯಾರವ್ವ ಬೇಕಾಗಿತ್ತು?’ ಎಂದು ಕೇಳಿದವರು, ನನ್ನ ಮುಖವನ್ನೇ ನೋಡಿ ಕಾಯಿ ಕೆಳಗಿಟ್ಟರು. ‘ತಂಗೀನೇನವ್ವ ನೀನು? ಅದೇ ಗದ್ದ, ಅದೇ ಹಣೆ.’

ನಾನು ತಲೆಯಾಡಿಸಿದೆ.

‘ಇಷ್ಟು ದಿನ ಬಿಟ್ಟು ಬಂದ್ಯಲ್ಲ ತಾಯಿ’ ಎಂದು ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಅವರು ಅಕ್ಕನ ಅತ್ತೆ. ಅಕ್ಕ ಕಾಮಾಲೆಯಾಗಿ ತೀರಿಕೊಂಡು ಎರಡು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಅವಳ ಗಂಡ ಆ ಬೆಳಗ್ಗೆ ಕಾರ್ಖಾನೆಯ ಪಾಳಿಗೆ ಹೋಗಿದ್ದರು. ‘ನಿಮ್ಮ ಮನೇಗೆ ಹೇಳಿ ಕಳಿಸೋಣ ಅಂದೆ ನನ್ ಮಗಂಗೆ. ಬ್ಯಾಡ ಅವ್ವ, ಅವ್ರು ಆವತ್ತೇ ಎಳ್ಳುನೀರು ಬಿಟ್ಟವ್ರೆ, ಇನ್ನೊಂದ್ ಕಿತ ಏನು ಹೇಳಾದು ಅಂದ’ ಎಂದರು. ಜೋಡಿಸಿಟ್ಟುಕೊಂಡಿದ್ದ ಬೈಗುಳಗಳನ್ನು ಕೇಳಿಸಿಕೊಳ್ಳುವವಳೇ ಇರಲಿಲ್ಲ.

‘ರಂಗೋಲಿ ನೀವು ಹಾಕೋದಾ?’

‘ನಾನೇ ಕಣವ್ವ. ನಮ್ಗೆ ಇದೆಲ್ಲ ಎಲ್ಲಿ ಬತ್ತದೆ? ಅವಳು ಹಾಕೋವಾಗ ದಿನಾ ನೋಡ್ತಿದ್ದೆ. ಅವಳು ಹೋದ್ಮೇಲೆ ಬಾಗ್ಲು ಬೋಳು ಕಾಣಾದು, ತಡೀನಾರದೆ ಕಲ್ತೆ. ಒಂದಿನ ಆ ಮೂಲೆ ಮುಚ್ಬಿಟ್ಟೆ. ಅವತ್ತೆಲ್ಲ ಅವಳು ಹಿಂದೇನೇ ನಿಂತಂಗಾಯ್ತು. ಸಾಯಂಕಾಲ ಎದ್ದೋಗಿ ಒರೆಸ್ದೆ ನೋಡು, ಆಮ್ಯಾಕೆ ನಿದ್ದೆ ಬಂತು.’

ಒಳಗೆ ಹೋಗಿ ಬೆಲ್ಲ ನೀರು ತಂದು ಕೊಟ್ಟರು. ನಾನು ಕುಡಿಯುತ್ತಿದ್ದಾಗ ಅವರು ಇನ್ನೊಂದು ಮಾತು ಹೇಳಿದರು.

‘ನಿಮ್ಮ ಮನೇತಾವ ಒಂದ್ ಕಿತ ಬಂದಿದ್ಳು ಕಣವ್ವ. ಜಯನಗರಕ್ಕೆ ಹೋಗವ್ರೆ ಅಂತ ಯಾರೋ ಹೇಳಿದ್ರಂತೆ, ಯಾವ ಬೀದಿ ಅಂತ ಗೊತ್ತಿಲ್ಲ. ಹೊತ್ತಾರೆನೇ ಹೋಗಿ ಬೀದಿ ಬೀದಿ ಸುತ್ತಿ, ರಂಗೋಲಿ ನೋಡ್ಕಂಡು ಮನೆ ಕಂಡಿಡುದ್ಳು. ಅಮ್ಮ ಮೂಲೆ ಬಿಟ್ಟವ್ಳೆ ಅತ್ತೆ ಅಂತ ಬಂದು ನಕ್ಕಂಡು ಹೇಳಿದ್ಳು.’

‘ಒಳಗೆ ಬರಲಿಲ್ಲವಲ್ಲ’ ಎಂದೆ.

‘ಗೇಟು ಮುಟ್ಟಿ ಬಂದೆ ಅಂದ್ಳು. ನಿಮ್ಮಪ್ಪನ ಕೆಮ್ಮು ಕೇಳುಸ್ತಂತೆ.’

ಹೊರಡುವಾಗ ಆ ರಂಗೋಲಿಯನ್ನು ಸುತ್ತಿಕೊಂಡು ಬಂದೆ, ತುಳಿಯಲಿಲ್ಲ. ಗೇಟು ಕಿರ್ರೆಂದಾಗ ಸೌಟು ನಿಂತ ಬೆಳಗುಗಳಲ್ಲಿ ಯಾವುದೋ ಒಂದು ಬೆಳಗ್ಗೆ ಅದು ಹಾಲಿನವಳಾಗಿರಲಿಲ್ಲ ಎಂದು ದಾರಿಯುದ್ದಕ್ಕೂ ಯೋಚಿಸುತ್ತಿದ್ದೆ. ಯಾವ ಬೆಳಗ್ಗೆ ಎಂದು ಎಷ್ಟು ಹುಡುಕಿದರೂ ನೆನಪಿಗೆ ಬರಲಿಲ್ಲ. ಈಗಲೂ ಹುಡುಕುತ್ತೇನೆ.

ಮನೆಯಲ್ಲಿ ಅಪ್ಪ ಹೊರಗೆ ಹೋಗಿದ್ದರು. ಅಮ್ಮ ಹಿತ್ತಿಲ ಮೆಟ್ಟಿಲ ಮೇಲೆ ಕಾಯುತ್ತ ಕುಳಿತಿದ್ದಳು. ನಾನು ಚೀಲದಿಂದ ಹಸಿರು ಕಣ ತೆಗೆದು ಅವಳ ಪಕ್ಕದಲ್ಲಿಟ್ಟೆ. ಅಮ್ಮ ಅದನ್ನು ನೋಡಿದಳು. ಕೊಡಬೇಕಾದವಳಿಗೆ ಕೊಡದೆ ಅದು ವಾಪಸು ಬರುವುದಕ್ಕೆ ಕಾರಣ ಒಂದೇ. ಬಹಳ ಹೊತ್ತು ಅದರ ಮಡಿಕೆಯನ್ನು ಬೆರಳಿನಿಂದ ಒತ್ತಿ ಒತ್ತಿ ನೇರ ಮಾಡಿದಳು.

‘ಮತ್ತೆ ರಂಗೋಲಿ?’

‘ಅವರತ್ತೆ ಹಾಕ್ತಾರೆ. ಅವಳು ಹಾಕ್ತಿದ್ದ ಹಾಗೇನೆ.’

‘ಅವಳಿಗೆ ಈ ಮನೆ ಗೊತ್ತಿತ್ತಾ?’

ಸುಳ್ಳು ಹೇಳೋಣ ಎನಿಸಿತು. ಯಾವ ಸುಳ್ಳು ಹೇಳಿದರೆ ಅವಳಿಗೆ ಕಡಿಮೆ ನೋವಾಗುತ್ತದೆ ಎಂದು ಹೊಳೆಯಲಿಲ್ಲ. ‘ಗೊತ್ತಿತ್ತಮ್ಮ. ರಂಗೋಲಿ ನೋಡಿ ಕಂಡುಹಿಡಿದಳಂತೆ. ಗೇಟಿನ ತನಕ ಬಂದಿದ್ದಳಂತೆ’ ಎಂದೆ. ಅಮ್ಮ ಅಳಲಿಲ್ಲ. ಎದ್ದು ಹೋಗಿ ಸಾರಿಗೆ ಒಗ್ಗರಣೆ ಹಾಕಿದಳು. ರಾತ್ರಿ ಅಪ್ಪನಿಗೆ ಬಡಿಸಿದಳು. ನಾವಿಬ್ಬರೂ ಅವರಿಗೆ ಏನೂ ಹೇಳಲಿಲ್ಲ.

ಮಾರನೆಯ ಬೆಳಗ್ಗೆ ನಾನು ಎದ್ದು ಬಂದಾಗ ಅಮ್ಮ ಬಾಗಿಲಿಗೆ ನೀರು ಹಾಕಿದ್ದಳು. ರಂಗೋಲಿ ಬಟ್ಟಲು ಕಿಟಕಿಯ ಮೇಲೆ ಮುಚ್ಚಿಯೇ ಇತ್ತು. ಒದ್ದೆ ನೆಲ ಹಾಗೇ ಖಾಲಿ. ಹೊಸ ಮನೆಗೆ ಬಂದ ಮೇಲೆ ಆ ನೆಲವನ್ನು ಬೋಳಾಗಿ ನಾನು ಹಾಗೆ ನೋಡಿರಲಿಲ್ಲ. ಅಮ್ಮ ಒಳಗೆ ಕಂಬಕ್ಕೆ ಒರಗಿ ಕುಳಿತಿದ್ದಳು.

ಅಪ್ಪ ಪೇಪರು ತರಲು ಬಾಗಿಲು ತೆಗೆದರು. ಒಂದು ಕಾಲು ಹೊಸಿಲಾಚೆ ಇಟ್ಟವರು ನೆಲ ನೋಡಿ ನಿಂತರು. ತಿರುಗಿ ಅಮ್ಮನ ಕಡೆ ನೋಡಿದರು. ಈ ಸಲ ನೋಡಿಯೂ ನೋಡದಂತೆ ಇರಲು ಅವರಿಂದ ಆಗಲಿಲ್ಲ. ಕೇಳಬೇಕೆಂದು ಬಾಯಿ ತೆರೆದರು, ಆದರೆ ವರ್ಷಗಳ ಹಿಂದೆ ಅಮ್ಮ ಕೇಳಿದ್ದ ಪ್ರಶ್ನೆಯೇ ಅವರ ಬಾಯಿಗೆ ಬಂದಿರಬೇಕು, ಅದನ್ನು ಆಡಲಾರದೆ ಮುಚ್ಚಿಕೊಂಡರು.

ಪೇಪರು ಗೇಟಿನ ಬಳಿಯೇ ಬಿದ್ದಿತ್ತು. ಅಪ್ಪ ಒಳಗೆ ಬಂದು, ಉಟ್ಟ ಪಂಚೆಯಲ್ಲೇ ನಮ್ಮಿಬ್ಬರನ್ನೂ ದಾಟಿ ಬಚ್ಚಲಿಗೆ ಹೋದರು. ಒಲೆ ಇನ್ನೂ ಹಚ್ಚಿರಲಿಲ್ಲ. ಸಾವಿನ ಸುದ್ದಿ ಕೇಳಿದವರು ಮಾಡುವ ತಣ್ಣೀರಿನ ಸ್ನಾನ. ಅವರು ತಲೆಯ ಮೇಲೆ ಚೊಂಬು ಚೊಂಬು ಸುರಿದುಕೊಳ್ಳುವುದನ್ನು ಅಮ್ಮನೂ ನಾನೂ ಕೂತು ಕೇಳಿದೆವು.